ನನ್ನ ಸೈನಸ್ಸು ಮತ್ತು ಅಜ್ಜನ ಪಾದ

ನಮ್ಮ ಮನೆತನದಲ್ಲಿ ಅಪ್ಪನಿಂದ ಮಗನಿಗೆ ಬರುವುದು ಎರಡೇ: ಸೊಲ್ಲಾಪುರದ ಚಾದರ ಅಂಗಡಿ ಮತ್ತು ನೆಗಡಿ. ಅಂಗಡಿಯ ಹತ್ತಿ ಧೂಳು ಮೂಗಿಗೆ ಹೋಗುತ್ತದೆ, ಮೂಗು ಅದನ್ನು ಸೀನಿ ಹೊರಗೆ ಹಾಕುತ್ತದೆ, ಗಿರಾಕಿ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ. ಇದೆಲ್ಲ ನಮಗೆ ರೂಢಿ. ಆದರೆ ಆ ಚಳಿಗಾಲ ನೆಗಡಿ ಹೋಗುವ ಬದಲು ಮೇಲಿನ ಹಲ್ಲುಗಳಿಗೆ ಇಳಿದು ಕೂತಿತು. ಹಲ್ಲು ಕೀಳಿಸಿಕೊಳ್ಳಲು ತಯಾರಾಗಿ ಹೋದರೆ, ಹಲ್ಲಿನ ಡಾಕ್ಟರು ಒಂದೊಂದನ್ನೇ ತಟ್ಟಿ ನೋಡಿ, ಹಲ್ಲು ಗಟ್ಟಿಮುಟ್ಟಾಗಿವೆ, ಮೂಗಿನ ಡಾಕ್ಟರ ಹತ್ತಿರ ಹೋಗಿ ಎಂದರು.

ಮೂಗಿನ ಡಾಕ್ಟರು ನನ್ನ ತಲೆಯ ಸ್ಕ್ಯಾನ್ ಫಿಲ್ಮನ್ನು ಬೆಳಕಿಗೆ ಹಿಡಿದು, ಹೊಸಬನಿಗೆ ಊರು ತೋರಿಸುವಂತೆ ಮರಾಠಿಯಲ್ಲಿ ವಿವರಿಸಿದರು. ಮುಖದ ಎಲುಬಿನೊಳಗೆ ನಾಲ್ಕು ಜೋಡಿ ಪೊಳ್ಳುಗಳಿವೆಯಂತೆ: ಹಣೆಯಲ್ಲಿ, ಕೆನ್ನೆಯಲ್ಲಿ, ಎರಡು ಕಣ್ಣುಗಳ ನಡುವೆ, ಮತ್ತೆ ಮೂಗಿನ ಹಿಂದೆ ಆಳದಲ್ಲಿ. ಗಾಳಿ ಇರಬೇಕಾದ ಜಾಗಗಳು. ಸೈನಸ್ ಎಂದು ಹೆಸರು. ನನ್ನ ಬಲಗೆನ್ನೆಯದರಲ್ಲಿ ಕೀವು ತುಂಬಿತ್ತು. ಮೇಲಿನ ಹಲ್ಲುಗಳ ಬೇರು ಅದರ ನೆಲಕ್ಕೇ ತಾಗಿಕೊಂಡಿರುವುದರಿಂದ, ಪಾಪ, ಹಲ್ಲುಗಳ ಮೇಲೆ ಅಪವಾದ. ಇರಲಿ. ನನಗೆ ಸಿಟ್ಟು ಬಂದದ್ದು ಮುಂದಿನ ಮಾತಿಗೆ. ಆ ಪೊಳ್ಳಿನಿಂದ ಮೂಗಿಗೆ ನೀರು ಹರಿಯುವ ತೂತು ಕೆಳಗಿಲ್ಲವಂತೆ, ಗೋಡೆಯ ಮೇಲ್ತುದಿಯಲ್ಲಿದೆಯಂತೆ. ನೆಗಡಿಗೆ ಅದು ಬಾತು ಮುಚ್ಚಿದರೆ ಒಳಗಿನದು ಒಳಗೇ. ಬಚ್ಚಲ ತೂತನ್ನು ಸೂರಿನ ಹತ್ತಿರ ಇಟ್ಟು ಮನೆ ಕಟ್ಟಿದ ಗವಂಡಿಗೆ ನಾವು ಕೂಲಿ ಕೊಡುತ್ತೇವೆಯೇ? ಡಾಕ್ಟರು ನಕ್ಕು, ಗುಳಿಗೆ ಬರೆದು, ಉಪ್ಪುನೀರಿನಿಂದ ಮೂಗು ತೊಳೆಯಲು ಹೇಳಿದರು. ಬಗ್ಗಿದರೆ ನೋವು ಏರುತ್ತದೆ, ಒಂದು ವಾರ ಬಗ್ಗಬೇಡಿ ಎಂದರು.

ಮೂರನೆಯ ದಿನ ನಾನು ಕರಜಗಿಯಲ್ಲಿ ಬಗ್ಗಬೇಕಿತ್ತು.

ನಾನು ಮದುವೆಯಾಗಬೇಕೆಂದಿದ್ದ ಹುಡುಗಿಯ ಊರು ಅದು. ಅವಳು ಸೊಲ್ಲಾಪುರದಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದಳು. ತಂದೆಯಿಲ್ಲದ ಅವಳನ್ನು ಸಾಕಿ ಓದಿಸಿದವನು ಕುರಿ ಕಾಯುವ ಅಜ್ಜ. ಪೇಟೆಯ ಅಂಗಡಿಯವರು ತಮ್ಮನ್ನು ಕೀಳಾಗಿ ಕಾಣುತ್ತಾರೆ ಎಂಬುದೊಂದೇ ಅವನ ತಕರಾರು. ಹುಡುಗ ಬಂದು ನನ್ನ ಪಾದಕ್ಕೆ ಹಣೆ ಹಚ್ಚಲಿ, ಬೀರಪ್ಪ ದೇವರ ಅರಿಶಿನದ ಪುಡಿ, ಭಂಡಾರ, ತಲೆಗೆ ಹಾಕಿ ನಾನೇ ಮದುವೆಗೆ ಒಪ್ಪಿಗೆ ಕೊಡುತ್ತೇನೆ ಎಂದಿದ್ದನಂತೆ. ಅವಳು ಮುಂಚೆಯೇ ಕಡ್ಡಿ ಮುರಿದಂತೆ ಹೇಳಿದಳು: “ಅಜ್ಜ ಒಲ್ಲೆ ಅಂದ್ರ ನಾನೂ ಒಲ್ಲೆ. ಆಮ್ಯಾಲ ನನ್ನ ಮುಂದ ಅಳಬ್ಯಾಡ.” ಕೆನ್ನೆಯಲ್ಲಿ ಕೀವಿದೆ ಎಂದು ನಾನು ಅವಳಿಗೆ ಹೇಳಿರಲಿಲ್ಲ. ಯಾವ ವರ ತಾನೇ ಹೇಳುತ್ತಾನೆ?

ಎಸ್‌ಟಿ ಬಸ್ಸು ಪ್ರತಿ ಗುಂಡಿಯಲ್ಲೂ ನನ್ನ ಕೆನ್ನೆಯ ಯೋಗಕ್ಷೇಮ ವಿಚಾರಿಸಿತು. ಅಜ್ಜ ಅಂಗಳದಲ್ಲಿ ಕಂಬಳಿ ಹಾಸಿ ಕೂತಿದ್ದ, ಸುತ್ತ ಮನೆಮಂದಿ. ನಾನು ಬಗ್ಗಿದೆ. ಅರ್ಧದವರೆಗೆ ಚೆನ್ನಾಗಿಯೇ ಹೋದೆ. ಅಲ್ಲಿಂದ ಮುಂದೆ ಮುಖದೊಳಗಿನದೆಲ್ಲ ಮುಂದಕ್ಕೆ ಹೊರಳಿ, ಬಲಗಣ್ಣು ಕಳಚಿ ಕಂಬಳಿಯ ಮೇಲೆ ಬಿದ್ದೇಬಿಡುತ್ತದೆ ಎನ್ನಿಸಿತು. ಗಕ್ಕನೆ ನಿಂತೆ, ನೆಟ್ಟಗಾದೆ, ಕೈ ಜೋಡಿಸಿ, ತಹಸೀಲ್ದಾರರ ಕಚೇರಿಗೆ ಬಂದವನ ಹಾಗೆ ನಮಸ್ಕಾರ ಎಂದೆ. ಅಜ್ಜ ಪಾದಗಳನ್ನು ಹಿಂದಕ್ಕೆ ಎಳೆದುಕೊಂಡ.

“ಪ್ಯಾಟಿ ಟೊಂಕ ಬಗ್ಗಂಗಿಲ್ಲ ಬಿಡವಾ,” ಎಂದು ಮೊಮ್ಮಗಳಿಗೆ ಹೇಳಿದ. “ಚಾ ಕುಡಿಸಿ ಕಳಿಸ್ರಿ.”

ಅವಳು ನನ್ನತ್ತ ನೋಡದೆ ಒಳಗೆ ಹೋದಳು. ನನಗೆ ಅಳು ಬಂತು, ನೋವಿಗೂ, ಅವಳು ಹೋದದ್ದಕ್ಕೂ. ನಿಜ ಹೇಳಿಬಿಡಬೇಕಿತ್ತು, ಆದರೆ ಅಷ್ಟು ಮಂದಿಯ ಮುಂದೆ ಕೀವಿನ ಮಾತು ಬಾಯಿಗೆ ಬರಲಿಲ್ಲ. ಚಹಾದ ಹಬೆ ಮೂಗಿಗೆ ಹೊಡೆದದ್ದೇ ತಡ, ಸೀನು ಶುರುವಾಯಿತು. ಒಂದಲ್ಲ, ಏಳು. ಪ್ರತಿ ಸೀನಿಗೂ ಕೆನ್ನೆ ಹಿಡಿದುಕೊಂಡು ತಲೆ ಕೊಡವಿದೆ. ಕುರಿಗಳ ಕಡೆ ಹೊರಟಿದ್ದ ಅಜ್ಜ ನಿಂತ. ತಿರುಗಿ ಬಂದು, ಟಗರಿಗೆ ಮಾಡುವಂತೆ ನನ್ನ ಗದ್ದ ಎತ್ತಿ, ಕಣ್ಣಿನ ಕೆಳಗೆ ಹೆಬ್ಬೆರಳಿಟ್ಟು ಒತ್ತಿದ. ನಾನು ಕಿರುಚಿದೆ. ಹಲ್ಲೂ ನೋಯುತ್ತವೆಯೇ ಎಂದು ಕೇಳಿದ. ಹೌದೆಂದೆ.

“ಇದು ಸೊಕ್ಕಲ್ಲ,” ಎಂದು ಮಂದಿಗೆ ಹೇಳಿದ. “ಹುಡುಗನ ತಲ್ಯಾಗ ಹುಳ ಹೊಕ್ಕಾವ.”

ಕುರಿಗಳಿಗೆ ಹಾಗಾಗುತ್ತದಂತೆ. ನೊಣ ಬಂದು ಮೂಗಿನಲ್ಲಿ ಹುಳ ಬಿಡುತ್ತದೆ, ಅವು ಹಣೆಯ ಪೊಳ್ಳಿಗೆ ಹತ್ತುತ್ತವೆ, ಕುರಿ ಮೇವು ಬಿಟ್ಟು ಸೀನುತ್ತ ತಲೆ ಕೊಡವುತ್ತದೆ. ಹುಳವಲ್ಲ ಅಜ್ಜಾ, ಬರೀ ಕೀವು ಎಂದು ಮೊಬೈಲಿನಲ್ಲಿದ್ದ ಫಿಲ್ಮಿನ ಫೋಟೋ ತೋರಿಸಿದೆ. ನನ್ನ ತಲೆಬುರುಡೆ ಅಂಗಳದ ತುಂಬ ಕೈಯಿಂದ ಕೈಗೆ ಹೋಯಿತು. ಒಬ್ಬ ಮುದುಕಿ ಎಲುಬೇನೋ ಚಲೋ ಇವೆ ಎಂದಳು. ಅಜ್ಜ ಮಾತ್ರ ಡಾಕ್ಟರಿಗಿಂತ ಹೆಚ್ಚು ಹೊತ್ತು ನೋಡಿ, ಟಗರಿನ ತಲೆಯಲ್ಲೂ ಹೀಗೇ ಪೊಳ್ಳಿರುತ್ತದೆ, ಆದರೆ ಬೇನೆ ಬಂದರೆ ಅದು ಒದರುತ್ತದೆ, ನಿನ್ನ ಹಾಗೆ ಮುಚ್ಚಿಟ್ಟುಕೊಳ್ಳುವುದಿಲ್ಲ ಎಂದ. ಒಳಗಿನಿಂದ ಅವಳು ನಕ್ಕದ್ದು ಕೇಳಿಸಿತು. ನನ್ನ ಜೀವ ಮರಳಿ ಬಂತು.

ಗುಣವಾದ ಮೇಲೆ ಇನ್ನೊಮ್ಮೆ ಬಂದು ಪಾದ ಮುಟ್ಟಲಿ ಎಂದರು ಮನೆಯವರು. ಅಜ್ಜ ಒಪ್ಪಲಿಲ್ಲ. ಪಾದಕ್ಕೆ ಹಣೆ ತಾಗದೆ ಭಂಡಾರ ಹಾಕುವ ಹಾಗಿಲ್ಲ, ಅಲ್ಲಿಯವರೆಗೆ ಮೊಮ್ಮಗಳನ್ನು ಅಳಿಸಿ ಕೂರುವ ಹಾಗೂ ಇಲ್ಲ. ಧೋತರ ಎತ್ತಿ ಕಟ್ಟಿ, ಅಂಗಳದಿಂದ ಮಾಳಿಗೆಗೆ ಹೋಗುವ ಕಲ್ಲಿನ ಮೆಟ್ಟಿಲು ಹತ್ತತೊಡಗಿದ. ಎಂಬತ್ತು ದಾಟಿದ ಮುದುಕ. ಹಿಡಿಯಲು ಹೋದವರನ್ನು ಬೈದ. ಮೇಲೆ ಹತ್ತನೆಯ ಮೆಟ್ಟಿಲಲ್ಲಿ ಕೂತು, ಎರಡೂ ಕಾಲು ಪಕ್ಕಕ್ಕೆ ಇಳಿಬಿಟ್ಟ. ಬಿರುಕು ಬಿಟ್ಟ ಪಾದಗಳು ಸರಿಯಾಗಿ ನನ್ನ ಹಣೆಯ ಎತ್ತರಕ್ಕೆ ಬಂದವು.

“ತಮ್ಮಾ, ನೀ ಬಗ್ಗಬ್ಯಾಡ. ನಾನ ಮ್ಯಾಲ ಬಂದೀನಿ.”

ನೆಟ್ಟಗೆ ನಿಂತುಕೊಂಡೇ ನಾನು ಹಣೆ ಹಚ್ಚಿದೆ, ಒಂದು ಪಾದಕ್ಕೆ, ಆಮೇಲೆ ಇನ್ನೊಂದಕ್ಕೆ. ಬೇಗ ತೆಗೆಯಲು ಮನಸ್ಸಾಗಲಿಲ್ಲ. ಮೇಲಿನಿಂದ ಭಂಡಾರ ನನ್ನ ತಲೆ, ಮೂಗು, ಇಸ್ತ್ರಿಯ ಅಂಗಿಯ ಮೇಲೆಲ್ಲ ಉದುರಿತು. ಅವಳು ಬಾಗಿಲಿಗೆ ಬಂದು ಓಢಣಿಯಿಂದ ಕಣ್ಣೊರೆಸಿಕೊಂಡಳು. ಅಜ್ಜ ಕೆಳಗೆ ನೋಡಿದ, ಮೆಟ್ಟಿಲುಗಳನ್ನು ನೋಡಿದ, ಕೆಮ್ಮಿದ. ಮನೆಯ ಗಂಡಸರು ಮುಂದೆ ಬಂದರೆ ಕೈಯಾಡಿಸಿ ಅವರನ್ನು ಸರಿಸಿದ. ಆಮೇಲೆ ಆ ಕೈಯನ್ನು ನನ್ನ ಕಡೆ ಚಾಚಿದ.

“ಹತ್ತೂದೇನೋ ಹತ್ತಿದೆ, ಇಳ್ಯಾಕ ಆಗವಲ್ದು. ಬರ್ರಿ ಅಳಿಯಾರ, ಕೈ ಕೊಡ್ರಿ.”