ಗಾಜಿನಂಥ ಹಕ್ಕಳೆ

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ನೀರಕ್ಕ ಎಂದೇ ಕರೆಯುತ್ತಿದ್ದರು. ಬಾಯ್ಲರಿಗೆ ಹೋಗುವ ನೀರನ್ನು ಶುದ್ಧ ಮಾಡುವುದು ಅವಳ ಕೆಲಸ. ಅದೇ ಬಾಯ್ಲರಿನ ಕೊಳವೆಗಳಲ್ಲಿ ನೀರಿನ ಲವಣ ಗಟ್ಟಿಯಾಗಿ ಕಟ್ಟಿದ ಹಕ್ಕಳೆ ಕೆತ್ತುವುದು ಅವಳ ಗಂಡನ ಕೆಲಸ. ಹೊಸ ಕೊಳವೆಬಾವಿಯ ನೀರು ಬಂದಮೇಲೆ ಹಕ್ಕಳೆ ಗಾಜಿನಷ್ಟು ಗಟ್ಟಿಯಾಯಿತು. ಆ ನೀರಿನಲ್ಲಿ ಕರಗಿದ್ದ ಸಿಲಿಕಾ ಎಂಬ ಮರಳಿನಂಶ, ನೀರು ತಿಳಿಯಾಗಲೆಂದು ಅವಳು ಹಾಕುತ್ತಿದ್ದ ಪಟಿಕಕ್ಕೆ ಜಗ್ಗಲಿಲ್ಲ.

ಸಂಜೆ ಮನೆಗೆ ಬಂದ ಗಂಡನಿಗೆ ಅಂಗಿ ಕಳಚಲು ತೋಳೆತ್ತಲಾಗುತ್ತಿರಲಿಲ್ಲ. ಅವಳೇ ಗುಂಡಿ ಬಿಚ್ಚುತ್ತಿದ್ದಳು.

“ನೀನು ನೀರಲ್ಲಿ ಬಿಟ್ಟಿದ್ದನ್ನೆಲ್ಲ ನಾನು ಕೆತ್ಬೇಕು ನೋಡು,” ಎಂದ ಒಮ್ಮೆ. ತಮಾಷೆಗೇ ಹೇಳಿದ್ದು, ಆದರೂ ಅವಳಿಗೆ ಚುರುಕ್ಕೆಂದಿತು.

ಮೇಲ್ವಿಚಾರಕರನ್ನು ಕೇಳಿ, ಗಾಜಿನ ಜಾಡಿಗಳಲ್ಲಿ ಬೇರೆ ಬೇರೆ ಮದ್ದು ಬೆರೆಸಿ ನೋಡತೊಡಗಿದಳು. ಕೊನೆಗೆ ಬೆಚ್ಚಗಿನ ನೀರಿಗೆ ಸುಣ್ಣವನ್ನೂ ಮೆಗ್ನೀಷಿಯಂ ಉಪ್ಪನ್ನೂ ಹಾಕಿದಾಗ, ಹಾಲೊಡೆದಂತೆ ಬಿಳಿ ಗರಣೆ ಕಟ್ಟಿ, ಸಿಲಿಕಾವನ್ನು ಹಿಡಿದುಕೊಂಡು ತಳ ಸೇರಿತು. ನೀರು ಶುದ್ಧ ಮಾಡುವ ದೊಡ್ಡ ತೊಟ್ಟಿಗೂ ಅದನ್ನೇ ಹಾಕತೊಡಗಿದಳು.

ಮುಂದಿನ ಸಲ ಬಾಯ್ಲರ್ ತೆರೆದಾಗ ಹಕ್ಕಳೆ ಉಳಿ ತಾಗಿದರೆ ಸಾಕು, ಉದುರುತ್ತಿತ್ತು. ಆದರೆ ತೊಟ್ಟಿಯ ತಳದ ಕೆಸರು ದುಪ್ಪಟ್ಟಾಗಿತ್ತು. ಅದನ್ನು ಎತ್ತಿಹಾಕುವವಳು ಅವಳೇ. ಅವನ ಭುಜದ ನೋವು ಅವಳ ಸೊಂಟಕ್ಕೆ ದಾಟಿತು, ಅಷ್ಟೆ.

ಒಂದು ಮಧ್ಯಾಹ್ನ ಗಂಡ ತೊಟ್ಟಿಯ ಬಳಿ ಬಂದು ಸಲಿಕೆಗೆ ಕೈಯೊಡ್ಡಿದ.

“ನಿಮ್ ಭುಜ ಇನ್ನೂ ಸರಿಹೋಗಿಲ್ಲ ರೀ, ಸುಮ್ನೆ ಕೂತ್ಕೊಳ್ಳಿ.”

“ನಿನ್ ಸೊಂಟ ಏನು ಕಬ್ಬಿಣದ್ದಾ? ಕೊಡು ಇತ್ಲಾಗೆ.”

ವಾದಿಸಲು ಅವಳಿಗೆ ತ್ರಾಣವಿರಲಿಲ್ಲ. ಸಲಿಕೆ ಕೊಟ್ಟು ಕಟ್ಟೆಯ ಮೇಲೆ ಕುಳಿತಳು. ಅವನು ಅರ್ಧರ್ಧ ಸಲಿಕೆ ಕೆಸರನ್ನು ನಿಧಾನವಾಗಿ ಎತ್ತಿಹಾಕತೊಡಗಿದ. ಅವಳಿಗೆ ಕುಳಿತಲ್ಲೇ ನಿದ್ದೆ ಹತ್ತಿತು.