ಹೆಣ್ಣು ನೋಡಲು ಹೋದಾಗ ಕಂಡ ನೊಣಹಿಡುಕ

ಕುಂತೂರಿನಲ್ಲಿ ಕಬ್ಬು ಬೆಳೆಯುವ ನಮ್ಮ ಮನೆಯವರಿಗೆ ಹಕ್ಕಿಯೆಂದರೆ ಕಾಗೆ, ಬೆಳ್ಳಕ್ಕಿ, ಗಿಣಿ, ಅಷ್ಟೇ. ನೊಣಹಿಡುಕ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಬಿಳಿಗಿರಿರಂಗನ ಬೆಟ್ಟದಲ್ಲಿ, ಹೆಣ್ಣು ನೋಡಲು ಹೋದ ದಿನ. ಹುಡುಗಿ ಅಲ್ಲಿನ ಶಾಲೆಯಲ್ಲಿ ಟೀಚರ್. ಅವಳ ಅಪ್ಪ ಕಾಫಿ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದುದರಿಂದ ಮನೆ ತೋಟದೊಳಗೇ ಇತ್ತು. ಹಿತ್ತಲು ದಾಟಿದರೆ ಕಾಡು.

ನಾನು, ಅವ್ವ, ಸೋದರಮಾವ ಯಳಂದೂರಿನ ಮೇಲೆ ಕಾರಿನಲ್ಲಿ ಹೋಗಿದ್ದೆವು. ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಡುಮನೆಗೆ ಬರುವುದಕ್ಕೂ ಕಿಟಕಿಯ ಗಾಜಿಗೆ ಏನೋ ಟಪ್ಪೆಂದು ಬಡಿಯುವುದಕ್ಕೂ ಸರಿಹೋಯಿತು. ತಟ್ಟೆಯನ್ನು ಮಾವನ ಕೈಗೆ ತುರುಕಿ ಅವಳು ಹೊರಗೆ ಓಡಿದಳು. ಮರಳಿದಾಗ ಬೊಗಸೆಯಲ್ಲಿ ಗುಬ್ಬಿಗಿಂತ ಚಿಕ್ಕದೊಂದು ಹಕ್ಕಿ. ತಲೆ, ರೆಕ್ಕೆ ಕಪ್ಪು, ಉಳಿದ ಮೈಯೆಲ್ಲ ಮಾಗಿದ ಕಿತ್ತಳೆಯ ಬಣ್ಣ. ಕಣ್ಣು ಅರ್ಧ ಮುಚ್ಚಿತ್ತು.

ಮಾವನ ಮುಖ ಕಪ್ಪಿಟ್ಟಿತು. "ಬಂದ ಕಾಲ್ಗೇ ಇಂಗಾಗದು ಒಳ್ಳೇದಲ್ಲ ಕಣ್ಲಾ, ನಡಿ ಓಗುಮ" ಎಂದು ನನ್ನ ಕಿವಿಯಲ್ಲಿ ಹೇಳಿದ. ಅವ್ವ ಅವನನ್ನು ಸುಮ್ಮನೆ ಕೂರಿಸಿದಳು.

ಹುಡುಗಿ ಹಕ್ಕಿಯನ್ನು ರಟ್ಟಿನ ಡಬ್ಬಕ್ಕಿಟ್ಟು, ಮುಚ್ಚಳ ಹಾಕಿ ನನ್ನ ಮುಂದೆ ಹಿಡಿದಳು.

"ಇದ ಹಿಡ್ಕಳಿ. ಅಲ್ಲಾಡಿಸ್ಬೇಡಿ. ಕತ್ಲಲ್ಲಿ ಸುಮ್ನೆ ಬುಟ್ರೆ ಚೇತರಿಸ್ಕತದೆ."

ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಇದೇ. ಡಬ್ಬ ಹಿಡಿದು ಉಸಿರು ಬಿಗಿಹಿಡಿದು ಕೂತೆ. ಅದು ಕಪ್ಪು ಕಿತ್ತಳೆ ನೊಣಹಿಡುಕ, ಬೆಟ್ಟದ ಒದ್ದೆ ಕಾಡಿನ ಪೊದೆಗಳ ಬುಡದಲ್ಲಿ ಹುಳು ಹಿಡಿದು ಬದುಕುತ್ತದೆ ಎಂದು ಅವಳು ಮೆಲ್ಲಗೆ ಹೇಳಿದಳು. ನಮ್ಮೂರ ಕಡೆ ಬರುವುದಿಲ್ಲವೇ ಎಂದು ಕೇಳಿದೆ. ಈ ತಂಪು ಬಿಟ್ಟು ಅದು ಎಲ್ಲಿಗೂ ಹೋಗದು ಎಂದಳು. ಹಾಗಾದರೆ ನೀವು ಬರುತ್ತೀರಾ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಸ್ವಲ್ಪ ಹೊತ್ತಿಗೆ ಡಬ್ಬದೊಳಗೆ ಪರಪರ ಸದ್ದಾಯಿತು. ಎಲ್ಲರೂ ಹಿತ್ತಲಿಗೆ ಹೋದೆವು. ಮುಚ್ಚಳ ತೆಗೆದೆ. ಹಕ್ಕಿ ಅಂಚಿನ ಮೇಲೆ ಕುಳಿತು ನಮ್ಮನ್ನು ಒಮ್ಮೆ ನೋಡಿ, ಪೊದೆಯೊಳಗೆ ನುಸುಳಿತು. ನನಗೆ ಜೋರಾಗಿ ನಗು ಬಂತು, ಅವಳೂ ನಕ್ಕಳು.

ಅವ್ವ ಅಲ್ಲೇ ನಿರ್ಧರಿಸಿಬಿಟ್ಟಳು. "ಜೀವದ್ ಮ್ಯಾಲೆ ಕರುಣೆ ಇರೋ ಎಣ್ಣು ಕಣಪ್ಪ. ಇನ್ನೇನ್ ಬೇಕು?"

ಶಾಲೆ ಬಿಡುವುದಿಲ್ಲ ಎಂಬುದೊಂದೇ ಹುಡುಗಿಯ ಷರತ್ತು. ನಾನು ಒಪ್ಪಿದೆ, ಮದುವೆಯಾಯಿತು. ಈಗ ಶನಿವಾರ ಬಂದರೆ ಅವಳು ಬೆಟ್ಟ ಇಳಿಯುತ್ತಾಳೆ, ಇಲ್ಲವೇ ನಾನು ಹತ್ತುತ್ತೇನೆ. ಬೇಸಿಗೆ ಶುರುವಾಗುವ ಹೊತ್ತಿಗೆ ಅವ್ವನೂ ತಂಪಿಗೆಂದು ಬೆಟ್ಟ ಸೇರುತ್ತಾಳೆ. ಫೋನು ಮಾಡಿದರೆ, ಶಾಲೆಯ ಮಕ್ಕಳಿಗೆ ಒಗಟು ಹೇಳಿಕೊಡುತ್ತಿದ್ದೇನೆ, ಆಮೇಲೆ ಮಾಡು ಅನ್ನುತ್ತಾಳೆ ಅವ್ವ.