ಪಿಸ್ತೂಲಿನ ತುದಿಯ ನೊಣ

ಕಳೆದ ವಾರ ದೇವರ ಮನೆಯ ಹಿತ್ತಾಳೆ ಆರತಿ ತಟ್ಟೆ ಉಜ್ಜುತ್ತಾ ಕೂತಿದ್ದೆ. ಕರ್ಪೂರ ಉರಿದು ಉರಿದು ತಟ್ಟೆಯ ನಡುವೆ ಮಸಿ ಗಟ್ಟಿಯಾಗಿ ಹಿಡಿದಿತ್ತು. ಹುಣಸೆಹಣ್ಣಿಗೂ ಬಗ್ಗಲಿಲ್ಲ. ಬೆರಳಿಗೆ ಮೆತ್ತಿದ ಮಸಿಯನ್ನು ಸುಮ್ಮನೆ ಮೂಸಿ ನೋಡಿದೆ. ದೇವರು ನೆನಪಾಗಲಿಲ್ಲ, ಅಕ್ಕ ನೆನಪಾದರು. ಅವರ ಮನೆಯಲ್ಲೂ ಯಾವಾಗಲೂ ಕರ್ಪೂರದ ಪೊಟ್ಟಣ ಇರುತ್ತಿತ್ತು. ಗಂಡ ತೀರಿಕೊಂಡ ಮೇಲೆ ದೇವರಿಗೆ ಕರ್ಪೂರ ಹಚ್ಚುವುದನ್ನು ಅವರು ನಿಲ್ಲಿಸಿದ್ದರು. ಹಚ್ಚುತ್ತಿದ್ದುದು ಪಿಸ್ತೂಲಿಗೆ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಐವತ್ತರ ದಶಕದಲ್ಲಿ ನಾನು ಮದುವೆಯಾಗಿ ಮೈಸೂರಿಗೆ ಬಂದಾಗ ಜಯಲಕ್ಷ್ಮಿಪುರಂನಲ್ಲಿ ನಮಗೆ ಬಾಡಿಗೆಗೆ ಸಿಕ್ಕಿದ್ದು ಅವರ ಮನೆಯ ಹಿಂಭಾಗ. ನನ್ನ ಯಜಮಾನರಿಗೆ ಆಫೀಸಿನಲ್ಲಿ ಗುಮಾಸ್ತೆ ಕೆಲಸ. ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಹೊಸ ಊರಿನಲ್ಲಿ ಮಾತಿಗೆ ದಿಕ್ಕಿಲ್ಲದ ನನ್ನನ್ನು ಅಕ್ಕ ಬಾವಿಕಟ್ಟೆಯಿಂದಲೇ ಕೂಗಿ ಕರೆಯುತ್ತಿದ್ದರು. ನಂಜನಗೂಡಿನ ಕಡೆಯ ಒಕ್ಕಲು ಮನೆಯ ಹೆಣ್ಣುಮಗಳು. ಎತ್ತರದ ಆಳು, ಅಗಲವಾದ ಅಂಗೈ. ಅಷ್ಟು ವರ್ಷ ಪೇಟೆಯಲ್ಲಿದ್ದರೂ ಮಾತಿನಲ್ಲಿ ಹಳ್ಳಿ ಹೋಗಿರಲಿಲ್ಲ.

ಅವರ ಯಜಮಾನರು ಮಹಾರಾಜರ ಕಾಲದ ಕುದುರೆ ಪಡೆಯಲ್ಲಿ ಅಧಿಕಾರಿಯಾಗಿದ್ದವರು. ಸಂಸ್ಥಾನದ ಸೈನ್ಯ ದೇಶದ ಸೈನ್ಯದೊಳಗೆ ಸೇರಿಹೋದಾಗ ಕೆಲಸ ಬಿಟ್ಟು ಮನೆಗೆ ಬಂದರಂತೆ. ಹೊತ್ತು ಹೋಗದೆ ಹೆಂಡತಿಗೆ ಪಿಸ್ತೂಲು ಹೊಡೆಯುವುದನ್ನು ಕಲಿಸಿದರು. ಸಣ್ಣ ಗುಂಡಿನ, ಉದ್ದ ಕೊಳವೆಯ, ಪಂದ್ಯಕ್ಕೆಂದೇ ಮಾಡಿದ ಪಿಸ್ತೂಲು. ಊರಾಚೆಯ ಕಲ್ಲುಕ್ವಾರಿಯಲ್ಲಿ ಆಟದಂತೆ ಶುರುವಾಯಿತು, ಒಂದೆರಡು ವರ್ಷದಲ್ಲಿ ಹೆಂಡತಿಯೇ ಮುಂದಾದರು. ಆತ ಅದಕ್ಕೆ ಮುಖ ಸಣ್ಣ ಮಾಡಿಕೊಂಡವರಲ್ಲ. ತಾವೇ ಕರೆದುಕೊಂಡು ಹೋಗಿ ಊರಿನ ಶೂಟಿಂಗ್ ಕ್ಲಬ್ಬಿಗೆ ಸೇರಿಸಿದರು. ನಾವು ಬಾಡಿಗೆಗೆ ಬರುವ ಹೊತ್ತಿಗೆ ಅವರು ಹೃದಯದ ಕಾಯಿಲೆಯಲ್ಲಿ ಹೋಗಿಬಿಟ್ಟಿದ್ದರು. ಪಿಸ್ತೂಲಿನ ಲೈಸೆನ್ಸು ಅಕ್ಕನ ಹೆಸರಿಗೆ ಬಂದಿತ್ತು. ಮನೆಯಲ್ಲಿ ಇದ್ದದ್ದು ಅಕ್ಕ, ಆಗಷ್ಟೇ ಬ್ಯಾಂಕಿನ ಕೆಲಸಕ್ಕೆ ಸೇರಿದ್ದ ಒಬ್ಬನೇ ಮಗ...

ಪಿಸ್ತೂಲಿಗೆ ಗುರಿ ಹಿಡಿಯಲು ಎರಡು ಸೈಟು ಇರುತ್ತವೆ. ಕಣ್ಣಿನ ಹತ್ತಿರ ಹಿಂದಿನದು, ನಡುವೆ ಕಚ್ಚು ತೆಗೆದ ಪುಟ್ಟ ತಗಡು. ಕೊಳವೆಯ ತುದಿಯಲ್ಲಿ ಮುಂದಿನದು, ನೆಟ್ಟಗೆ ನಿಂತ ಒಂದು ಚೂರು ಉಕ್ಕು. ಆ ಚೂರನ್ನು ಕಚ್ಚಿನ ನಡುವೆ ತಂದು, ಅದರ ತಲೆಯ ಮೇಲೆ ಗುರಿಯನ್ನು ಕೂರಿಸಬೇಕು. ಹಿಂದುಸ್ತಾನಿ ಮಾತಾಡುವ ಸಿಪಾಯಿಗಳು ಅದನ್ನು ಮಕ್ಖಿ ಅನ್ನುತ್ತಿದ್ದರಂತೆ. ಅಕ್ಕ ಅದನ್ನೇ ಕನ್ನಡ ಮಾಡಿಕೊಂಡು ನೊಣ ಅನ್ನುತ್ತಿದ್ದರು. ಮೂರನ್ನೂ ಒಟ್ಟಿಗೆ ನಿಚ್ಚಳವಾಗಿ ನೋಡಲು ಮನುಷ್ಯರ ಕಣ್ಣಿಗೆ ಆಗುವುದಿಲ್ಲ, ಗುರಿ ಮಂಜಾದರೂ ಸರಿ, ನೊಣ ಮಾತ್ರ ಚುರುಕಾಗಿ ಕಾಣಬೇಕು ಎಂದು ಅಕ್ಕನ ಯಜಮಾನರು ಹೇಳಿಕೊಟ್ಟಿದ್ದರು.

ನಲವತ್ತು ದಾಟಿದ ಮೇಲೆ ಆ ನೊಣವೇ ಅಕ್ಕನ ಕಣ್ಣಿಗೆ ಕಾಣದಾಯಿತು. ಕೂದಲೆಳೆಯಂಥ ತೆಳುವಾದ ಸೈಟು ಅದು. ಚಾಳೀಸು ಕನ್ನಡಕ ಹಾಕಿದರೆ ನೊಣ ಕಾಣುತ್ತದೆ, ಗುರಿಯೇ ಮಾಯ. ತೆಗೆದರೆ ಗುರಿ ಇದೆ, ನೊಣ ಇಲ್ಲ. ಕ್ಲಬ್ಬಿನಲ್ಲಿ ಅಂಕಗಳು ಇಳಿದವು. ಇನ್ನು ಮೊಮ್ಮಕ್ಕಳನ್ನು ಆಡಿಸಿಕೊಂಡಿರಿ ಎಂದು ಕ್ಲಬ್ಬಿನ ಸೆಕ್ರೆಟರಿ ನಗುತ್ತಾ ಹೇಳಿದರಂತೆ. ಅಕ್ಕ ಮನೆಗೆ ಬಂದು, ತಮ್ಮ ಯಜಮಾನರ ಸ್ನೇಹಿತರಾಗಿದ್ದ ಒಬ್ಬ ಮೇಜರಿಗೆ ನನ್ನ ಕೈಯಲ್ಲಿ ಕಾಗದ ಬರೆಸಿದರು. ಬೇರೆ ಸೈಟು ಬೇಕು, ಎಲ್ಲಿದ್ದರೂ ಹುಡುಕಿ ಕಳಿಸಿ ಎಂದು. ಹೊರದೇಶದ ಸಾಮಾನು ಸಿಗುವುದೇ ಕಷ್ಟವಿದ್ದ ಕಾಲ. ಎಷ್ಟೋ ತಿಂಗಳ ಮೇಲೆ ಕಲ್ಕತ್ತೆಯಿಂದ ಒಂದು ಪುಟ್ಟ ಡಬ್ಬಿ ಬಂತು.

ಅದರಲ್ಲಿ ಮುಂದಿನ ಸೈಟು ಎರಡು ಬಗೆಯವು ಇದ್ದವು. ಒಂದರ ತುದಿಯಲ್ಲಿ ದಂತದ ಬಿಳಿ ಮಣಿ. ಇನ್ನೊಂದು ಅಗಲವಾದ, ಚೌಕನೆಯ, ಬರೀ ಕಪ್ಪು ಉಕ್ಕು. ಅವಕ್ಕೆ ಹೊಂದುವ ಹಿಂದಿನ ಸೈಟಿಗೆ ಎಡಕ್ಕೆ ಬಲಕ್ಕೆ ಸರಿಸುವ ತಿರುಪು ಇತ್ತು. ಕ್ಲಬ್ಬಿನವರೆಲ್ಲ ಬಿಳಿ ಮಣಿಯೇ ಒಳ್ಳೆಯದು, ಎದ್ದು ಕಾಣುತ್ತದೆ ಅಂದರು. ನನಗೂ ಅದೇ ಚೆಂದ ಕಂಡಿತ್ತು. ಅಕ್ಕ ಗುಂಡಿಲ್ಲದ ಪಿಸ್ತೂಲಿಗೆ ಒಂದೊಂದನ್ನೇ ಮೇಣದಿಂದ ಅಂಟಿಸಿಕೊಂಡು, ಕಾಂಪೌಂಡ್ ಗೋಡೆಗೆ ಕಪ್ಪು ಕಾಗದದ ಬಿಲ್ಲೆ ಹಚ್ಚಿ, ಬೆಳಿಗ್ಗೆ, ಮಧ್ಯಾಹ್ನ, ಇಳಿಹೊತ್ತು ಅಂತ ಹಿಡಿದು ನೋಡಿದರು. ಕೊನೆಗೆ ನನ್ನ ಕೈಗೂ ಕೊಟ್ಟರು. ಬಿಸಿಲು ಯಾವ ಕಡೆಯಿಂದ ಬೀಳುತ್ತದೋ ಮಣಿ ಆ ಕಡೆ ಮಾತ್ರ ಹೊಳೆಯುತ್ತಿತ್ತು. ಕಣ್ಣು ಹೊಳೆಯುವ ಅಂಚನ್ನೇ ನಡುಮಧ್ಯ ಎಂದು ನಂಬಿಬಿಡುತ್ತಿತ್ತು.

"ಇದು ಬಿಸಿಲು ನೋಡಿ ಮಾತು ಬದಲಾಯಿಸ್ತದೆ ಕಣಮ್ಮ," ಎಂದರು ಅಕ್ಕ. "ಕಪ್ಪುದೇ ಇರಲಿ."

ದೇವರಾಜ ಮೊಹಲ್ಲಾದಲ್ಲಿ ಬಂದೂಕು ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಕಪ್ಪು ಸೈಟನ್ನು ಕೂರಿಸಿಕೊಂಡು ಬಂದೆವು. ಉಕ್ಕಿನ ಅಂಚು ಬಿಸಿಲಿಗೆ ಮಿನುಗಬಾರದೆಂದು ಹೊಡೆಯುವ ಮೊದಲು ಕರ್ಪೂರ ಹಚ್ಚಿ ಎರಡು ಸೈಟಿಗೂ ಮಸಿ ಹಿಡಿಸುತ್ತಿದ್ದರು. ಪಂಚಲೋಹದ ಮೂರ್ತಿಗೆ ಆರತಿ ಎತ್ತಿದಷ್ಟೇ ನಿಧಾನ.

ಸೈಟು ಕೂರಿಸಿದರೆ ಮುಗಿಯಲಿಲ್ಲ, ಕಣ್ಣು ನೋಡಿದ ಕಡೆಗೇ ಗುಂಡು ಹೋಗುವಂತೆ ಹೊಂದಿಸಬೇಕು. ಬನ್ನಿಮಂಟಪದ ಆಚೆ ಇದ್ದ ಕ್ಲಬ್ಬಿನ ಬಯಲಿಗೆ ಒಂದು ಬೆಳಿಗ್ಗೆ ಇಬ್ಬರೂ ಜಟಕಾದಲ್ಲಿ ಹೋದೆವು. ಸೆರಗನ್ನು ಸೊಂಟಕ್ಕೆ ಬಿಗಿದು, ಮೇಜಿನ ಮೇಲೆ ಮರಳಿನ ಚೀಲವಿಟ್ಟು, ಅದರ ಮೇಲೆ ಕೈ ಊರಿ ಅಕ್ಕ ಹೊಡೆದರು. ಅವರು ಪಿಸ್ತೂಲು ಖಾಲಿ ಮಾಡಿ ಕೆಳಗಿಟ್ಟ ಮೇಲೆ ನಾನು ಹೋಗಿ ಗುರಿಯ ಕಾಗದ ತಂದೆ. ನನಗೆ ಅಳುವೇ ಬಂತು. ಒಂದು ಗುಂಡೂ ನಡುವೆ ಬಿದ್ದಿರಲಿಲ್ಲ. ಎಲ್ಲವೂ ಕೆಳಗೆ, ಎಡಕ್ಕೆ, ಒಂದು ಬಿಲ್ಲೆಯಷ್ಟು ಜಾಗದಲ್ಲಿ ಗುಂಪುಕಟ್ಟಿ ಕೂತಿದ್ದವು. ಅಕ್ಕನ ಮುಖ ಮಾತ್ರ ಅರಳಿತು.

"ನಡುವೆ ಬೀಳ್ನಿಲ್ಲ ಅಂದ್ರೆ ಬುಡು ಕಣೇ. ಎಲ್ಲಾ ಒಂದೇ ಕಡೆ ತಪ್ಪವೆ ನೋಡು. ಒಂದೇ ಕಡೆ ತಪ್ಪೋದನ್ನ ಸರಿ ಮಾಡಬೋದು. ದಿಕ್ಕಿಗೊಂದು ತಪ್ಪಿದ್ರೆ ಮಾತ್ರ ಕಷ್ಟ."

ಹಿಂದಿನ ಸೈಟಿನ ತಿರುಪನ್ನು ಒಂದಿಷ್ಟು ತಿರುಗಿಸಿ ಬಲಕ್ಕೆ ಸರಿಸಿದರು. ಮತ್ತೆ ಹೊಡೆದರು. ಗುಂಪು ಬಲಕ್ಕೆ ಬಂತು. ಎತ್ತರಕ್ಕೆ ಮಾತ್ರ ತಿರುಪು ಇರಲಿಲ್ಲ, ಮುಂದಿನ ನೊಣದ ತಲೆಯನ್ನೇ ಅರದಿಂದ ಉಜ್ಜಿ ತಗ್ಗಿಸಬೇಕು. ನೊಣ ತಗ್ಗಿದರೆ ಗುಂಡು ಏರುತ್ತದೆ. ಉಜ್ಜಿದ್ದನ್ನು ಮತ್ತೆ ಅಂಟಿಸುವ ಹಾಗಿಲ್ಲವಲ್ಲ, ಅಕ್ಕ ಅರವನ್ನು ಸೋಕಿಸಿದರೋ ಇಲ್ಲವೋ ಎನ್ನುವಂತೆ ಒಂದೆರಡು ಸಲ ಎಳೆದು, ಹೊಡೆದು, ನೋಡಿ, ಮತ್ತೆ ಎಳೆಯುತ್ತಿದ್ದರು. ಕೊನೆಗೆ ಚೀಲ ಬದಿಗಿಟ್ಟು, ಎದ್ದು ನಿಂತು, ಪಂದ್ಯದಲ್ಲಿ ನಿಲ್ಲುವ ಹಾಗೇ ಒಂಟಿ ಕೈ ಚಾಚಿ ಹೊಡೆದರು. ಬಿಸಿಲೇರುವ ಹೊತ್ತಿಗೆ ಗುಂಪು ನಡುಮಧ್ಯಕ್ಕೆ ಬಂದು ಕೂತಿತ್ತು. ಅಕ್ಕ ಕಾಗದವನ್ನು ಬೆಳಕಿಗೆ ಹಿಡಿದು, ತೂತುಗಳ ಮೂಲಕ ಆಕಾಶ ನೋಡಿ, ಚಿಕ್ಕ ಹುಡುಗಿಯಂತೆ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆ ವರ್ಷ ದೆಹಲಿಯ ಪಂದ್ಯಕ್ಕೆ ತಂಡ ಆರಿಸಲು ನಡೆದ ಪರೀಕ್ಷೆಯಲ್ಲಿ ಗಂಡಸರನ್ನೆಲ್ಲ ಹಿಂದೆ ಹಾಕಿ ಅಕ್ಕ ಮೊದಲು ಬಂದರು. ಸೆಕ್ರೆಟರಿಯೇ ಮನೆಗೆ ಬಂದು ಹೇಳಿಹೋದರು. ಅಲ್ಲಿಂದ ಅಕ್ಕನ ಮಧ್ಯಾಹ್ನದ ಅಭ್ಯಾಸ ಇನ್ನೂ ಹೆಚ್ಚಾಯಿತು. ಊಟವಾದ ಮೇಲೆ ಖಾಲಿ ಪಿಸ್ತೂಲು ಹಿಡಿದು ಹಜಾರದ ಬರಿ ಗೋಡೆಯ ಮುಂದೆ ನಿಲ್ಲುವರು. ಗುರಿಯ ಕಡೆ ಕಣ್ಣು ಓಡದಿರಲಿ ಎಂದು ತಮಗೆ ತಾವೇ ಮೆಲ್ಲಗೆ ಹೇಳಿಕೊಳ್ಳುವರು. ನೊಣ... ನೊಣ ನೋಡು... ನೊಣ...

ಅದೇ ದಿನಗಳಲ್ಲಿ ಮಗನಿಗೆ ಮಂಡ್ಯದ ಕಡೆಯಿಂದ ಒಳ್ಳೆಯ ಸಂಬಂಧ ಬಂತು. ಹುಡುಗಿಯ ತಂದೆ ದೊಡ್ಡ ಕುಳ. ಎಲ್ಲ ಒಪ್ಪಿಗೆಯಾಗಿ, ಅತ್ತೆಯಾಗುವವಳು ಪಿಸ್ತೂಲು ಹಿಡಿಯುತ್ತಾಳೆ, ಗಂಡಸರ ಜೊತೆ ರೈಲಿನಲ್ಲಿ ದೆಹಲಿಗೆ ಹೋಗುತ್ತಾಳೆ ಎಂದು ಗೊತ್ತಾದದ್ದೇ ಹಿಂಜರಿದರು. ಮಗ ತಾಯಿಯನ್ನು ಬೇಡಿಕೊಂಡ, ಆಮೇಲೆ ಕೂಗಾಡಿದ. ಹಿಂದಿನ ಮನೆಯಲ್ಲಿದ್ದ ನಮಗೆ ಎಲ್ಲ ಕೇಳುತ್ತಿತ್ತು. ಅಕ್ಕ ದನಿ ಏರಿಸಲೇ ಇಲ್ಲ.

"ಇದೊಂದು ಸಲ ಹೋಗಿ ಬತ್ತೀನಿ ಕಣಪ್ಪ. ಬಂದ್ಮೇಲೆ ನೀನು ಹೇಳ್ದಂಗೇ ಕೇಳ್ತೀನಿ. ಪೆಟ್ಟಿಗೇಲಿ ಇಟ್ಟು ಬೀಗ ಹಾಕಿ ಬೀಗದ ಕೈ ನಿಂಗೇ ಕೊಡ್ತೀನಿ."

ಮಗ ಅಷ್ಟು ದಿನ ಕಾಯಲಿಲ್ಲ. ಲೈಸೆನ್ಸು ಹೊಸದು ಮಾಡಿಸುವ ಹೊತ್ತಾಗಿತ್ತು. ವಿಚಾರಣೆಗೆ ಪೊಲೀಸ್ ಅಧಿಕಾರಿಯೊಬ್ಬರು ಮನೆಗೆ ಬಂದರು. ಮಗ ಅದಾಗಲೇ ಅವರನ್ನು ಕಂಡು ಮಾತಾಡಿದ್ದ ಎಂದು ನಮಗೆ ಆಗ ತಿಳಿದಿರಲಿಲ್ಲ. ಅಕ್ಕ ಅವರನ್ನು ಹಜಾರದಲ್ಲಿ ಕುರ್ಚಿ ಹಾಕಿ ಕೂರಿಸಿದರು. ಅಧಿಕಾರಿ ನನ್ನನ್ನೂ ನನ್ನ ಯಜಮಾನರನ್ನೂ ನೆರೆಯವರು ಎಂದು ಕರೆಸಿದರು. ಮಗ ತಲೆ ತಗ್ಗಿಸಿಕೊಂಡೇ ಹೇಳಿದ. ತಂದೆ ಹೋದಾಗಿನಿಂದ ತಾಯಿಯ ಮನಸ್ಸು ಸರಿಯಿಲ್ಲ. ಬರಿ ಗೋಡೆಯ ಮುಂದೆ ಪಿಸ್ತೂಲು ಹಿಡಿದು ನಿಲ್ಲುತ್ತಾರೆ. ನೊಣ ನೊಣ ಎಂದು ಮಾತಾಡುತ್ತಾರೆ. ಮನೆಯಲ್ಲಿ ಇರಲು ನನಗೆ ಭಯವಾಗುತ್ತದೆ.

ಅಧಿಕಾರಿ ಒರಟು ಮನುಷ್ಯರಲ್ಲ. ಮಗುವನ್ನು ಕೇಳುವ ಹಾಗೆ ಅಕ್ಕನನ್ನು ಕೇಳಿದರು.

"ಗೋಡೆ ಮುಂದೆ ನಿಂತಾಗ ನಿಮಗೆ ನೊಣ ಕಾಣುತ್ತಾ ಅಮ್ಮ?"

"ಕಾಣ್ತದೆ ಸ್ವಾಮಿ. ಈಗ ಚೆನ್ನಾಗೇ ಕಾಣ್ತದೆ," ಎಂದರು ಅಕ್ಕ. ಹೊಸ ಸೈಟಿನ ಮಾತು ಕೇಳುತ್ತಿದ್ದಾರೆ ಎಂದುಕೊಂಡಿದ್ದರು.

ಅಧಿಕಾರಿ ಮಗನ ಮುಖ ನೋಡಿದರು. ನಾನು ಮುಂದೆ ಬಂದು ನೊಣ ಎಂದರೆ ಏನು, ಅಭ್ಯಾಸ ಎಂದರೆ ಏನು, ಎಲ್ಲವನ್ನೂ ಬಿಡಿಸಿ ಹೇಳಿದೆ. ಪಿಸ್ತೂಲಿನ ತುದಿಯನ್ನು ಬೆರಳು ಮುಟ್ಟಿಸಿ ತೋರಿಸಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ನೀವೇನಂತೀರಿ ಎಂದು ನನ್ನ ಯಜಮಾನರ ಕಡೆ ತಿರುಗಿದರು. ನಾವು ಬಾಡಿಗೆಯವರು, ಮನೆಯೊಳಗಿನ ವಿಷಯ ನಮಗೆ ತಿಳಿಯದು ಎಂದುಬಿಟ್ಟರು ನಮ್ಮವರು. ಅಷ್ಟು ಹೊತ್ತಿಗೆ ಅಕ್ಕನಿಗೆ ಅರ್ಥವಾಗಿತ್ತು. ಅವರು ಅಧಿಕಾರಿಯ ಕಡೆ ತಿರುಗದೆ ಮಗನನ್ನೇ ನೋಡುತ್ತಾ ಕೂತರು. ಅವನು ನೆಲ ನೋಡುತ್ತಿದ್ದ. ಲೈಸೆನ್ಸು ಹೊಸದಾಗದು ಎಂದು ಹೇಳಿ ಅಧಿಕಾರಿ ಹೊರಡುವಾಗ ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕನೇ ಕೈಯಾರೆ ಕೊಟ್ಟರು.

ತಂಡ ದೆಹಲಿಗೆ ಹೊರಟ ದಿನ ಅಕ್ಕ ಹಿತ್ತಲಲ್ಲಿ ರಾಗಿ ಕೇರುತ್ತಿದ್ದರು. ಆಮೇಲೆ ಮಗನ ಮದುವೆ ಧಾಂ ಧೂಂ ಎಂದು ಆಯಿತು. ಠಾಣೆಯಲ್ಲಿದ್ದ ಪಿಸ್ತೂಲನ್ನು ಮಗ ಓಡಾಡಿ ಮಾರಿಸಿದ. ಕೊಂಡವರು ಅದೇ ಸೆಕ್ರೆಟರಿ.

ಒಂದು ದಿನ ಅವರು ಮನೆಗೆ ಬಂದರು. ಪಿಸ್ತೂಲು ತಮ್ಮ ಕೈಗೆ ಬಗ್ಗುತ್ತಿಲ್ಲ, ಗುಂಡೆಲ್ಲ ಒಂದು ಪಕ್ಕಕ್ಕೆ ಹೋಗುತ್ತದೆ, ಸೈಟೇ ಕೆಟ್ಟಿರಬೇಕು ಎಂದರು. ಅಕ್ಕ ಕಾಫಿ ಕೊಟ್ಟರು.

"ಸೈಟು ಕೆಟ್ಟಿಲ್ಲ. ಅದು ನನ್ನ ಕಣ್ಣಿಗೆ ಕೂತದ್ದು," ಎಂದರು.

ಇನ್ನೇನು ಹೋಗಿ ಎನ್ನುತ್ತಾರೆ ಎಂದುಕೊಂಡೆ. ಎನ್ನಲಿಲ್ಲ. ಮೊದಲು ಗುಂಪು ಎಲ್ಲಿ ಬೀಳುತ್ತದೆ ನೋಡಿ, ಎರಡು ಬೆಳಿಗ್ಗೆ ಒಂದೇ ಕಡೆ ಬಿದ್ದರೆ ಮಾತ್ರ ತಿರುಪು ಮುಟ್ಟಿ, ಗುಂಡು ಯಾವ ಕಡೆ ಬರಬೇಕೋ ಹಿಂದಿನದನ್ನು ಆ ಕಡೆಗೆ ಸರಿಸಿ, ನೊಣಕ್ಕೆ ಅರ ಹಚ್ಚಲು ಅವಸರ ಮಾಡಬೇಡಿ ಎಂದು ಒಂದೊಂದನ್ನೂ ಹೇಳಿಕೊಟ್ಟರು. ಅವರು ಹೋದ ಮೇಲೆ ನನಗೆ ಸಿಟ್ಟು ತಡೆಯಲಾಗಲಿಲ್ಲ, ಯಾಕೆ ಹೇಳಿದಿರಿ ಎಂದು ಜಗಳಕ್ಕೇ ನಿಂತೆ.

"ಹೇಳದೇ ಇದ್ರೆ ಅದು ನಂಗೆ ವಾಪಸ್ ಬತ್ತದಾ? ಒಳ್ಳೇ ಪಿಸ್ತೂಲು ಕಣೇ. ಕೆಟ್ಟದಾಗಿ ಹೊಡೆಸ್ಕೊಳ್ಳೋದು ಬ್ಯಾಡ."

ಮುಂದಿನ ವರ್ಷ ಸೆಕ್ರೆಟರಿ ಬಹುಮಾನ ಗೆದ್ದು ಬಂದರು. ಹಾರ ಹಾಕಿಸಿಕೊಂಡ ಫೋಟೋ ಪತ್ರಿಕೆಯಲ್ಲಿ ಬಂತು. ಅಕ್ಕನಿಗೆ ತೋರಿಸಲು ನನಗೆ ಮನಸ್ಸಾಗಲಿಲ್ಲ.

ಆದರೆ ನನ್ನನ್ನು ಈಗಲೂ ಸುಡುವುದು ಪಿಸ್ತೂಲು ಹೋದದ್ದಲ್ಲ. ಲೈಸೆನ್ಸು ತಪ್ಪಿಸಲು ಮಗ ಆಡಿದ ಮಾತು ಅಧಿಕಾರಿಯ ಜೊತೆ ಹೊರಗೆ ಹೋಗಲಿಲ್ಲ, ಮನೆಯಲ್ಲೇ ಉಳಿಯಿತು. ಹೊಸ ಸೊಸೆ ಅದನ್ನು ನಿಜವೆಂದೇ ನಂಬಿ ಬಂದವಳು. ಅತ್ತೆ ಅಡಿಗೆಮನೆಗೆ ಬಂದರೆ ಈಳಿಗೆಮಣೆ ಎತ್ತಿಡುತ್ತಿದ್ದಳು. ಬೆಂಕಿಪೊಟ್ಟಣ ಮೇಲಿನ ಗೂಡಿಗೆ ಹೋಯಿತು. ಮೊಮ್ಮಗು ಹುಟ್ಟಿದಾಗ ಅಜ್ಜಿಯ ಕೈಗೆ ಕೊಡುವಾಗ ಪಕ್ಕದಲ್ಲಿ ಯಾರಾದರೂ ನಿಂತಿರುತ್ತಿದ್ದರು. ಅಷ್ಟು ನಡುಗದ ಕೈ ನಾನು ಬೇರೆ ಕಂಡಿಲ್ಲ... ಆ ಕೈಯನ್ನು ನಂಬದವರ ನಡುವೆ ಅಕ್ಕ ನಾಲ್ಕಾರು ವರ್ಷ ಬದುಕಿದರು. ಮಾತು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಮಾತು ನಿಂತದ್ದನ್ನೂ ಹುಚ್ಚಿನ ಲೆಕ್ಕಕ್ಕೇ ಸೇರಿಸಿದರು. ಅರವತ್ತರ ದಶಕ ಮುಗಿಯುವ ಮೊದಲೇ ಹೋದರು. ನಾವು ಆಗ ಬೇರೆ ಮನೆಗೆ ಹೋಗಿಯಾಗಿತ್ತು. ನನಗೆ ಸುದ್ದಿ ಮುಟ್ಟಿದ್ದು ತಿಥಿಯೂ ಆದ ಮೇಲೆ.

ಇತ್ತೀಚೆಗೆ ಒಂದು ಮದುವೆಯಲ್ಲಿ ಆ ಮಗ ಸಿಕ್ಕಿದ್ದ. ಈಗ ಅವನೂ ಮುದುಕ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕೂತು, ಎದುರಿಗಿದ್ದ ಮೊಮ್ಮಕ್ಕಳಿಗೆ ನನ್ನನ್ನು ತೋರಿಸಿ, ನನ್ನ ತಾಯಿ ಎಂಥ ಗುರಿಗಾರ್ತಿ ಎಂದು ಇವರನ್ನೇ ಕೇಳಿ ನೋಡಿ, ಗಂಡಸರನ್ನೇ ಸೋಲಿಸಿದವರು ಎಂದು ಹೆಮ್ಮೆಯಿಂದ ಹೇಳಿದ. ಮಕ್ಕಳು ಕಣ್ಣರಳಿಸಿ ಕೇಳಿದವು. ಮತ್ತೆ ಯಾಕೆ ನಿಲ್ಲಿಸಿಬಿಟ್ಟರು ಎಂದು ಒಂದು ಹುಡುಗಿ ಕೇಳಿತು.

"ಏನು ಮಾಡೋದಮ್ಮ, ಆಗಿನ ಕಾಲ ಹಾಗಿತ್ತು," ಎಂದ.

"ಕಾಲ ಬಂದು ಆ ಅಧಿಕಾರಿಗೆ ಏನೂ ಹೇಳಲಿಲ್ಲ ಕಣಪ್ಪ," ಎಂದೆ ನಾನು. "ಹೇಳಿದ್ದು ನೀನು."

ಅವನಿಗೆ ಕೇಳಿಸಿತು. ಬಡಿಸುವವನು ಪಾಯಸ ತಂದಿದ್ದ. ಬೇಡ ಎಂದು ಎಲೆಗೆ ಕೈ ಅಡ್ಡ ಇಟ್ಟು, ಅವನು ನನ್ನ ಕಡೆ ನೋಡದೆ ಮಕ್ಕಳಿಗೆ ಬೇರೆ ಏನನ್ನೋ ಹೇಳತೊಡಗಿದ. ನಾನು ಪಂಕ್ತಿ ಏಳುವ ಮೊದಲೇ ಎದ್ದು ಕೈ ತೊಳೆಯಲು ಹೋದೆ.